ಪ್ರೊಜೆಕ್ಟರ್ ತರುವ ಮುನ್ನ ಜಗಲಿ ಅಳೆಯಿರಿ

ಹಬ್ಬ ಹತ್ತಿರ ಬಂದರೆ ಸಾಕು, ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ: "ಊರಮನೆಗೆ ಪೋರ್ಟೇಬಲ್ ಪ್ರೊಜೆಕ್ಟರ್ ತಗೊಳ್ಳೋಣ ಅಂತಿದ್ದೇನೆ, ಯಾವುದು ಒಳ್ಳೇದು?" ನಾನೂ ಕುಮಟಾದವಳೇ. ಅದಕ್ಕೇ ಮಾಡೆಲ್ ಹೆಸರು ಹೇಳೋದಿಲ್ಲ, ತಿರುಗಿ ಮೂರು ಪ್ರಶ್ನೆ ಕೇಳ್ತೇನೆ. ಎಲ್ಲಿ ಹಾಕ್ತೀರಿ? ಕರೆಂಟ್ ಹೋದರೆ ಏನು ಮಾಡ್ತೀರಿ? ನೋಡುವವರು ಯಾರು?

ಜಗಲಿಯೋ, ಒಳಕೋಣೆಯೋ?

ಡಬ್ಬಿಯ ಮೇಲೆ 9000 ಲುಮೆನ್ಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ. ನೋಡಬೇಕಾದ್ದು 'ಆನ್ಸಿ ಲುಮೆನ್ಸ್' ಅನ್ನೋ ಅಂಕಿ. ಅದನ್ನು ಎಲ್ಲೂ ಹೇಳದ ಯಂತ್ರವನ್ನು ನಾನಂತೂ ಕೊಳ್ಳೋದಿಲ್ಲ. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ 60 ಇಂಚಿನ ಚಿತ್ರಕ್ಕೆ 200 ಸಾಕು. ಅಡುಗೆಮನೆಯ ಬೆಳಕು ಇಣುಕುವ ಜಗಲಿಗೆ, ಸ್ವಲ್ಪ ದೊಡ್ಡ ಚಿತ್ರಕ್ಕೆ 400-500 ಇರಲಿ. 60 ಇಂಚಿನ ಚಿತ್ರವನ್ನು 100 ಇಂಚಿಗೆ ಹಿಗ್ಗಿಸಿದರೆ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ದೂರವೂ ಲೆಕ್ಕವೇ. ಥ್ರೋ ರೇಶಿಯೋ 1.2 ಅಂದರೆ 6 ಅಡಿ ಅಗಲದ ಚಿತ್ರಕ್ಕೆ ಗೋಡೆಯಿಂದ 7.2 ಅಡಿ ದೂರ ಬೇಕು. ನಮ್ಮ ಕಡೆಯ ಹಳೇ ಜಗಲಿಗಳು ಉದ್ದ ಜಾಸ್ತಿ, ಅಗಲ ಕಡಿಮೆ. ಟೇಪ್ ಹಿಡಿದು ಅಳೆಯೋಕೆ ಮನೆಯವರಿಗೆ ಇವತ್ತೇ ಫೋನ್ ಮಾಡಿ. ಗೋಡೆಗೆ ಹಸಿರು, ನೀಲಿ ಬಣ್ಣವಿದ್ದರೆ ಹೀರೋ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಪರದೆಗೂ ದುಡ್ಡು ತೆಗೆದಿಡಿ.

'4ಕೆ ಸಪೋರ್ಟ್' ಅಂದರೆ 4ಕೆ ವಿಡಿಯೋ ಹಾಕಬಹುದು ಅಂತ ಅಷ್ಟೇ, 4ಕೆ ಕಾಣಿಸುತ್ತದೆ ಅಂತಲ್ಲ. 'ನೇಟಿವ್' ಅನ್ನುವ ಪದದ ಪಕ್ಕ 1920×1080 ಇದೆಯಾ ನೋಡಿ.

ಮಳೆ ಮತ್ತು ಕರೆಂಟು

ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕರಾವಳಿ ನಮ್ಮದು. ಜೋರು ಗಾಳಿ ಬಂದರೆ ಕರೆಂಟ್ ಹೋಗೋದು ಮಾಮೂಲು. ಬ್ಯಾಟರಿ ಇರುವ ಪ್ರೊಜೆಕ್ಟರ್ ಆಗ ಕೈಹಿಡಿಯುತ್ತದೆ ನಿಜ. ಆದರೆ ಅನೇಕ ಮಾಡೆಲ್‌ಗಳು ನಡೆಯುವುದು ಎರಡು, ಎರಡೂವರೆ ತಾಸು, ಅದೂ ಬೆಳಕು ತಗ್ಗಿಸಿಕೊಂಡು. 'ಕಾಂತಾರ' ಸಿನಿಮಾನೇ ಸುಮಾರು ಎರಡೂವರೆ ತಾಸಿದೆ! ಮನೆಯಲ್ಲಿ ಇನ್ವರ್ಟರ್ ಇದ್ದರೆ ಬ್ಯಾಟರಿಗೆ ಕೊಡುವ ದುಡ್ಡನ್ನು ಬೆಳಕಿಗೆ ಹಾಕಿ ಅನ್ನೋದು ನನ್ನ ಸಲಹೆ. ಸಣ್ಣ ಎಲ್‌ಇಡಿ ಪ್ರೊಜೆಕ್ಟರ್‌ನ ಭಾರವನ್ನು ಮನೆ ಇನ್ವರ್ಟರ್ ಆರಾಮಾಗಿ ಹೊರುತ್ತದೆ.

ತೇವಕ್ಕೆ ಲೆನ್ಸ್ ಮೇಲೆ ಬೂಷ್ಟು ಹಿಡಿಯಬಹುದು. ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಮೊದಲ ಮಳೆ ಬಿದ್ದ ಸಂಜೆ ಅಂಗಳದಲ್ಲಿ ಸಿನಿಮಾ ಬೇಡ, ಬೆಳಕಿಗೆ ಮುತ್ತುವ ಹುಳ ಯಂತ್ರದ ಫ್ಯಾನಿನೊಳಗೂ ಹೋದೀತು.

ನೋಡುವವರು ಯಾರು?

ನಮ್ಮ ಅಪ್ಪನಿಗೆ ಈಗ ಬಯಲಾಟಕ್ಕೆ ಹೋಗಿ ಬೆಳಗಿನ ತನಕ ಕೂರೋಕೆ ಮಂಡಿ ಬಿಡೋದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಹೊನ್ನಾವರ ತಾಲೂಕಿನಲ್ಲೇ. ಅಂಥ ಸೀಮೆಯ ಹಿರಿಯರಿಗೆ ಆಟವನ್ನು ಫೋನಿನ ಅಂಗೈಯಗಲದ ಪರದೆಯಲ್ಲಿ ತೋರಿಸಿದರೆ ಏನು ಸಮಾಧಾನ? ವೇಷ ಗೋಡೆಯ ತುಂಬ ಕುಣಿದರೆ ಅಪ್ಪ ಕುರ್ಚಿ ಬಿಟ್ಟು ಏಳೋದಿಲ್ಲ. ಪಕ್ಕದ ಮನೆಯವರೂ ಬಂದು ಕೂರ್ತಾರೆ. ನಾನು ಪ್ರೊಜೆಕ್ಟರ್ ಪರ ಮಾತಾಡೋದು ಮುಖ್ಯವಾಗಿ ಇದಕ್ಕೇ.

ಆದರೆ ಒಳಗಿನ ಪುಟ್ಟ ಸ್ಪೀಕರಿನಲ್ಲಿ ಚಂಡೆ ಕಿರುಚುತ್ತದೆ, ಮದ್ದಲೆ ಕೇಳೋದೇ ಇಲ್ಲ. ಹೊರಗಿನ ಸ್ಪೀಕರ್ ಬೇಕೇ ಬೇಕು. ಬ್ಲೂಟೂತ್‌ನಲ್ಲಿ ಕೆಲವೊಮ್ಮೆ ತುಟಿ ಮುಂದೆ, ಮಾತು ಹಿಂದೆ. 3.5 ಎಂ.ಎಂ. ವೈರ್ ಸಿಕ್ಕಿಸುವ ಜಾಗ ಇರೋ ಮಾಡೆಲ್ಲೇ ವಾಸಿ.

ನೀವು ನೋಡುವ ಓಟಿಟಿ ಮಾತು ಬೇರೆ. ಅಗ್ಗದ ಎಷ್ಟೋ ಪ್ರೊಜೆಕ್ಟರ್‌ಗಳಲ್ಲಿ ನೆಟ್‌ಫ್ಲಿಕ್ಸ್ ಅಧಿಕೃತವಾಗಿ ನಡೆಯೋದಿಲ್ಲ. ಫೋನಿನಿಂದ ಮಿರರ್ ಮಾಡಿದರೆ ಬರೀ ಕಪ್ಪು ಪರದೆ ಕಾಣಬಹುದು. ಎಚ್‌ಡಿಎಂಐ ಪೋರ್ಟ್ ಇದ್ದರೆ ಫೈರ್ ಟಿವಿ ಸ್ಟಿಕ್ ಸಿಕ್ಕಿಸಿ, ತಲೆನೋವು ಮುಗಿಯಿತು.

ಭಟ್ಕಳದವರಿಗೆ ಒಂದು ಮಾತು. ದುಬೈಯಿಂದ ಅಣ್ಣನೋ ಭಾವನೋ ತಂದುಕೊಟ್ಟರೆ ವೋಲ್ಟೇಜ್ ಸಮಸ್ಯೆ ಇಲ್ಲ, ಆದರೆ ಅಲ್ಲಿಯ ಚೌಕ ಪಿನ್ನು ನಮ್ಮ ಪ್ಲಗ್‌ಗೆ ಕೂರೋದಿಲ್ಲ. ವಾರಂಟಿ ಭಾರತದಲ್ಲೂ ಇದೆಯಾ ಅಂತ ಕೊಳ್ಳುವ ಮೊದಲೇ ಕೇಳಿಸಿ.

ಕೊನೆಯದಾಗಿ, ಹಬ್ಬದ ಹಿಂದಿನ ದಿನ ಕೊಳ್ಳಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ನಿಮ್ಮ ಬೆಂಗಳೂರಿನ ರೂಮಿನಲ್ಲಿ ಲೈಟ್ ಆರಿಸಿ, ಊರ ಜಗಲಿಯಷ್ಟೇ ದೂರದಲ್ಲಿಟ್ಟು ಒಂದು ಪೂರ್ತಿ ಸಿನಿಮಾ ಓಡಿಸಿ. ಫ್ಯಾನಿನ ಸದ್ದು, ಬಿಸಿ, ಅಂಚಿನ ಮಸುಕು ಎಲ್ಲ ಅವತ್ತೇ ಗೊತ್ತಾಗುತ್ತದೆ. ಪಾಸಾದರೆ ಬ್ಯಾಗಿಗೆ ಹಾಕಿ, ಪಂಚಗಂಗಾ ರೈಲು ಹತ್ತಿ.