ಕಾಯಕಕ್ಕೂ ಒಂದು ಅಳತೆಯುಂಟು

ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಆಡಿದ ಮಾತು ನಮ್ಮ ಮನೆಗಳ ಪಡಸಾಲೆಗಳಲ್ಲಿ ಇನ್ನೂ ಚರ್ಚೆಗೆ ಬರುತ್ತಿದೆ. ದುಡಿಮೆಯನ್ನು ಹೊಗಳುವ ಮಾತನ್ನು ನಾವು ಹಗುರವಾಗಿ ಕಾಣುವವರಲ್ಲ. ಮೈಗಳ್ಳತನವನ್ನು ಶರಣರು ಎಂದೂ ಮನ್ನಿಸಲಿಲ್ಲ. ಆದರೆ ಈ ಚರ್ಚೆಯ ನಡುವೆ, ನಮ್ಮದು ಕಾಯಕದ ಧರ್ಮವಾದ್ದರಿಂದ ಎಷ್ಟು ದುಡಿದರೂ ಕಡಿಮೆಯೇ ಎಂದು ಕೆಲವರು ವಾದಿಸುವುದನ್ನು ಕೇಳಿದಾಗ ಸುಮ್ಮನಿರಲು ನಮಗೆ ಮನಸ್ಸು ಬಾರದು. ಮಿತಿಯಿಲ್ಲದ ದುಡಿತಕ್ಕೆ ಕಾಯಕವೆಂಬ ಪವಿತ್ರ ಪದದ ಮುದ್ರೆಯೊತ್ತುವುದು ಶರಣರಿಗೆ ಮಾಡುವ ಅಪಚಾರವೆಂದೇ ನಮ್ಮ ಭಾವನೆ.

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಓದುಗ ಬಂಧುಗಳಿಗೆ ಹೊಸದಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಆ ಅಕ್ಕಿಯಿಂದಲೇ ಪತ್ನಿ ಲಕ್ಕಮ್ಮನವರು ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಬೇರೆ ಮನೆಯಾಗಿದ್ದರೆ ಗೃಹಿಣಿ ಹಿಗ್ಗಿ ಮಡಕೆ ತುಂಬಿಡುತ್ತಿದ್ದಳೇನೋ. ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಅತಿಯಾಸೆಯ ಖಂಡನೆಯೆಂದು ಹೇಳಿ ಮುಂದೆ ಸಾಗುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ದುಡಿಮೆಯ ಕ್ರಮವೂ ಒಂದಿದೆ. ನಾಳಿನ ಅಕ್ಕಿಯನ್ನು ಇಂದೇ ಆಯ್ದವನ ಬೆನ್ನು ಇಂದು ಎರಡು ದಿನದ ಭಾರವನ್ನು ಹೊರುತ್ತದೆ. ನಾಳೆ ಅವನು ಸುಮ್ಮನೆ ಕೂರುವನೆಂಬ ಭರವಸೆಯೂ ಇಲ್ಲ. ನಾಡಿದ್ದಿನ ಚಿಂತೆ ಅವನನ್ನು ಮತ್ತೆ ಅಂಗಳಕ್ಕೆ ಎಳೆಯುತ್ತದೆ. ಇದೇ ಲಕ್ಕಮ್ಮನವರು ಇನ್ನೊಂದು ಸಂದರ್ಭದಲ್ಲಿ, ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದ ಗಂಡನಿಗೆ ಕಾಯಕ ನಿಂತಿರುವುದನ್ನು ನೆನಪಿಸಿ ಕೆಲಸಕ್ಕೆ ಎಬ್ಬಿಸಿದವರು ಎಂಬುದನ್ನು ಮರೆಯಬಾರದು. ಹೊತ್ತಿಗೆ ಏಳದಿದ್ದರೆ ಎಬ್ಬಿಸಿದರು, ಹೆಚ್ಚು ತಂದರೆ ಹಿಂದಕ್ಕೆ ಕಳುಹಿಸಿದರು. ನುಲಿಯ ಚಂದಯ್ಯನವರು ಕಾಯಕದ ನಡುವೆ ಕಳಚಿ ಬಿದ್ದ ಇಷ್ಟಲಿಂಗಕ್ಕೂ ನಿಲ್ಲದೆ ಹುಲ್ಲಿನ ಹೊರೆ ಹೊತ್ತು ನಡೆದರೆಂಬ ಕಥೆಯನ್ನು ವೇದಿಕೆಗಳಲ್ಲಿ ಉತ್ಸಾಹದಿಂದ ಹೇಳುವವರು, ಲಕ್ಕಮ್ಮನವರ ಈ ಕಥೆಯನ್ನು ಅಷ್ಟೇ ಉತ್ಸಾಹದಿಂದ ಹೇಳುವುದನ್ನು ನಾವು ಕೇಳಿದ್ದು ಅಪರೂಪ.

ದೇಹಕ್ಕೂ ಒಂದು ಲೆಕ್ಕವುಂಟು. ದಿನಕ್ಕೆ 8, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಕೈಗಾರಿಕಾ ದುಡಿಮೆಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲ ಒಡಂಬಡಿಕೆಯಲ್ಲಿಯೇ, 1919ರಷ್ಟು ಹಿಂದೆಯೇ ಗೊತ್ತುಮಾಡಿತು. ಅದೇ ಸಂಘಟನೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ತರುಣರ ತಂದೆತಾಯಿಗಳು ಗಮನಿಸಬೇಕಾದದ್ದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ತಗಲುವ ಅಪಾಯ ಸುಮಾರು ಶೇ. 35ರಷ್ಟು, ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಇಂತಹ ದೀರ್ಘ ದುಡಿತದ ಕಾರಣದಿಂದ 2016ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಮಂದಿ ಈ ಎರಡು ಕಾಯಿಲೆಗಳಿಂದ ಮಡಿದರೆಂಬುದು ಅದರ ಅಂದಾಜು. ಕಾಯವಿದ್ದರಲ್ಲವೇ ಕಾಯಕ?

ಇದೆಲ್ಲವನ್ನು ಓದುಬರಹ ಬಾರದ ನಮ್ಮ ಒಕ್ಕಲುಮಕ್ಕಳು ಎತ್ತಿನ ವಿಷಯದಲ್ಲಾದರೂ ಅರಿತಿದ್ದರು. ಸೋಮವಾರ ಎತ್ತುಗಳ ಹೆಗಲಿಗೆ ನೊಗವಿಡದ ರೂಢಿ ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಅಂದು ಎತ್ತುಗಳ ಮೈತೊಳೆದು, ಮೇವು ಹಾಕಿ, ಹಾಯಾಗಿ ಮಲಗಲು ಬಿಡುತ್ತಿದ್ದರು. ಭೂಮಿ ಹದವಾಗಿದೆ, ನೆರೆಯವರು ಬಿತ್ತಿದ್ದಾರೆ ಎಂದು ಮಕ್ಕಳು ಅವಸರಪಟ್ಟರೂ ಹಿರಿಯರು ಸೋಮವಾರವನ್ನು ಮುರಿಯಲು ಒಪ್ಪುತ್ತಿರಲಿಲ್ಲ. ಅದು ಬಸವಣ್ಣನ ವಾರವೆಂಬ ಭಕ್ತಿ ಒಂದು ಕಡೆ, ದಣಿದ ಎತ್ತು ಉಳುಮೆಯ ಕಾಲ ಮುಗಿಯುವತನಕ ಬಾಳದೆಂಬ ಅರಿವು ಇನ್ನೊಂದು ಕಡೆ. (ಟ್ರ್ಯಾಕ್ಟರಿಗೆ ಸೋಮವಾರವಿಲ್ಲ; ಅದನ್ನು ನಡೆಸುವ ಹುಡುಗನಿಗಾದರೂ ಇರಬೇಕಾಗಿತ್ತು.)

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಬೆಂಗಳೂರಿನಲ್ಲಿ ಕಂಪನಿಯ ಕೆಲಸದಲ್ಲಿರುವ ಮಗ ರಾತ್ರಿ ಊಟಕ್ಕೆ ಕುಳಿತಾಗಲೂ ಮೊಬೈಲ್ ಫೋನು ತಟ್ಟೆಯ ಪಕ್ಕದಲ್ಲಿಯೇ ಇರುತ್ತದೆ. ಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಣ್ಣ ಎದುರಿನ ಅಂಗಡಿಯ ಬಾಗಿಲು ಮುಚ್ಚುವತನಕ ತನ್ನದನ್ನು ಮುಚ್ಚುವುದಿಲ್ಲ. ಹತ್ತನೆಯ ತರಗತಿಯ ಹುಡುಗಿ ಬೆಳಗಿನ ಐದಕ್ಕೆ ಟ್ಯೂಷನ್ನಿಗೆ ಎದ್ದು, ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿದು ತೂಕಡಿಸುತ್ತಾಳೆ. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆಯ ನಿದ್ರೆ ಅಗತ್ಯವೆಂದು ವೈದ್ಯರು ಹೇಳುತ್ತಾರೆ. ಈ ಹುಡುಗಿಗೆ ದೊರೆಯುವುದು ಆರು. ನಿದ್ರೆಗೆಟ್ಟು ಓದಿದ್ದು ಪರೀಕ್ಷೆಯ ಕೊಠಡಿಯಲ್ಲಿ ನೆನಪಿಗೆ ಬಾರದಿದ್ದರೆ ಮಗುವನ್ನು ಬೈದು ಫಲವಿಲ್ಲ.

ಇಂತಹ ಮನೆಗಳಲ್ಲಿ ನಿತ್ಯದ ಪೂಜೆಯ ಹೊತ್ತನ್ನು ದಿನದ ಎರಡು ಗಡಿಕಲ್ಲುಗಳಾಗಿ ನೆಟ್ಟುಕೊಳ್ಳಬಹುದೆಂದು ನಮಗೆ ತೋರುತ್ತದೆ. ಬೆಳಗಿನ ಲಿಂಗಪೂಜೆ ಮುಗಿಯುವತನಕ ಕಚೇರಿಯ ಸಂದೇಶಗಳನ್ನು ನೋಡದಿರುವುದು, ಸಂಜೆಯ ಪೂಜೆಗೆ ಕುಳಿತ ಮೇಲೆ ಅಂದಿನ ದುಡಿಮೆ ಮುಗಿಯಿತೆಂದು ತಿಳಿಯುವುದು. ಎಲ್ಲರಿಗೂ ಇದು ಸಾಧ್ಯವಾಗದು. ರಾತ್ರಿ ಪಾಳಿಯವರಿಗೆ, ದಾದಿಯರಿಗೆ, ಬಸ್ಸು ನಡೆಸುವವರಿಗೆ ಗಡಿ ಬೇರೆಯಾದೀತು, ಆದರೆ ಗಡಿಯೊಂದು ಬೇಕು. ಬೆಳಿಗ್ಗೆಯೇ ಆ ದಿನದ ಅಕ್ಕಿ ಎಷ್ಟೆಂದು ಗೊತ್ತುಮಾಡಿಕೊಂಡರೆ ಒಳ್ಳೆಯದು. ಇಪ್ಪತ್ತು ಕೆಲಸಗಳ ಪಟ್ಟಿ ಬರೆದು ಹದಿನೈದನ್ನು ನಾಳೆಗೆ ತಳ್ಳಿ ಕೊರಗುವುದಕ್ಕಿಂತ ಮೂರನ್ನು ಬರೆದು ಮೂರನ್ನೂ ಮುಗಿಸುವವನಿಗೆ ರಾತ್ರಿ ನಿದ್ರೆ ಬರುತ್ತದೆ. ಇನ್ನು ಮನೆಯ ಖರ್ಚಿಗೆ ಸಾಲದ ಸಂಬಳಕ್ಕಾಗಿ ಎರಡೆರಡು ಕಡೆ ದುಡಿಯುವವರಿಗೆ ಈ ಮಾತು ಹೇಳುವ ಧೈರ್ಯ ನಮಗಿಲ್ಲ. ಅವರ ದುಡಿತ ಕಡಿಮೆಯಾಗಬೇಕಾದರೆ ಅವರಿಗೆ ಸಲ್ಲುವ ಕೂಲಿ ಹೆಚ್ಚಬೇಕು.

ಕೊನೆಗೆ, ಈ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳ ದುಡಿತವನ್ನು ಯಾರೂ ಹಿಡಿಯುತ್ತಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ. ಗಂಡಸರು 97 ನಿಮಿಷ. ಶಾಲೆಯಲ್ಲಿ ಪಾಠ ಹೇಳಿ ಬಂದ ಸೊಸೆ ಸಂಜೆ ರೊಟ್ಟಿ ಬಡಿಯಲು ನಿಂತಾಗ, ಕಚೇರಿಯಿಂದ ಬಂದ ಮಗ ಆಯಾಸವೆಂದು ದಿವಾನದ ಮೇಲೆ ಒರಗಿರುತ್ತಾನೆ. ಹಬ್ಬದ ದಿನ ಮನೆಯವರೆಲ್ಲರಿಗೂ ರಜೆ, ಅಡುಗೆಮನೆಗೆ ಮಾತ್ರ ದುಪ್ಪಟ್ಟು ಕೆಲಸ. ಲಕ್ಕಮ್ಮನವರು ಗಂಡನಿಗೆ ಸಾಕೆಂದು ಹೇಳಬಲ್ಲವರಾಗಿದ್ದರು. ಅವರ ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು. ನಮ್ಮ ಮನೆಯ ತಾಯಂದಿರು ತಮ್ಮ ಕೆಲಸಕ್ಕೇ ಸಾಕೆನ್ನಬೇಕಾದರೆ ಉಳಿದದ್ದನ್ನು ಎತ್ತಿಕೊಳ್ಳಲು ಬೇರೆ ಕೈಗಳು ಸಿದ್ಧವಿರಬೇಕು. ರಾತ್ರಿಯ ಪ್ರಸಾದವಾದ ಮೇಲೆ ತಟ್ಟೆಲೋಟ ತೊಳೆದು, ಒಲೆಯ ಕಟ್ಟೆ ಒರೆಸಿ, ಬೆಳಗಿನ ನೀರು ಹಿಡಿದಿಡುವ ಮೂರು ಕೆಲಸಗಳನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಅಷ್ಟಾದರೆ ರಾತ್ರಿ ಒಂಬತ್ತರ ಹೊತ್ತಿಗೆ ಆ ತಾಯಿಯೂ ಪಡಸಾಲೆಗೆ ಬಂದು ಕೂರಬಹುದು.