ಮೊದಲ ಎಪಿಸೋಡಿನಲ್ಲೇ ಸತ್ತವನಿಗೆ ಎಷ್ಟನೇ ಸ್ಥಾನ?

ಅನಿಮೆ ನೋಡೋರ ನಡುವೆ ಎರಡು ಜಗಳ ಯಾವತ್ತೂ ಮುಗಿಯಲ್ಲ. ಸಬ್ ನೋಡಬೇಕಾ, ಡಬ್ ನೋಡಬೇಕಾ ಅನ್ನೋದು ಒಂದು. ನಿನ್ನ ಟಾಪ್ ಫೈವ್ ಪಾತ್ರಗಳು ಯಾವುವು ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ನನಗೆ ಆಸಕ್ತಿ ಇಲ್ಲ. ಎರಡನೆಯದಕ್ಕೆ ಈ ಸಲದ ಅಂಕಣ ಪೂರ್ತಿ ಮೀಸಲು. ಸರಣಿ: ಫ್ರೀರೆನ್.

ನೋಡದವರಿಗೆ ಎರಡು ಮಾತು. ರಾಕ್ಷಸರ ರಾಜನನ್ನು ಕೊಂದು, ಹತ್ತು ವರ್ಷದ ಪ್ರಯಾಣ ಮುಗಿಸಿ ನಾಲ್ವರು ಊರಿಗೆ ವಾಪಸ್ಸಾಗ್ತಾರೆ. ಬೇರೆ ಕತೆಗಳು ಮುಗಿಯುವ ಆ ಜಾಗದಲ್ಲಿ ಈ ಕತೆ ಶುರು. ನಾಲ್ವರಲ್ಲಿ ಫ್ರೀರೆನ್ ಎಲ್ಫ್, ಸಾವಿರ ವರ್ಷ ದಾಟಿದ ಮಾಂತ್ರಿಕೆ. ಅವಳಿಗೆ ಹತ್ತು ವರ್ಷ ಅಂದರೆ ನಮಗೊಂದು ಲಾಂಗ್ ವೀಕೆಂಡ್. ಐವತ್ತು ವರ್ಷ ಬಿಟ್ಟು ಬಂದು ನೋಡಿದರೆ ನಾಯಕ ಹಿಮ್ಮೆಲ್ ಬೋಳುತಲೆಯ ಮುದುಕ. ಸ್ವಲ್ಪ ಸಮಯದಲ್ಲೇ ಸಾಯ್ತಾನೆ. ಹತ್ತು ವರ್ಷ ಜೊತೆಗಿದ್ದೂ ಅವನನ್ನು ತಿಳ್ಕೊಳ್ಳೋ ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಅಂತ ಅವಳು ಅಳೋದು ಅವನ ಅಂತ್ಯಕ್ರಿಯೆಯಲ್ಲಿ. ಜಪಾನಿನ ಟಿವಿಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯ್ತು. ಮೊದಲ ಸೀಸನ್ 28 ಎಪಿಸೋಡ್.

ಐದನೇ ಸ್ಥಾನ ಸ್ಟಾರ್ಕ್‌ಗೆ. ಡ್ರ್ಯಾಗನ್ ಎದುರು ನಿಲ್ಲೋ ಮುಂಚೆ ಕೈ ನಡುಗುವ ಹುಡುಗ. ನಡುಗುತ್ತಲೇ ಹೋಗಿ ಕೊಡಲಿ ಬೀಸ್ತಾನೆ. ಸೋಮವಾರದ ರಿವ್ಯೂ ಮೀಟಿಂಗಿಗೆ ಹೋಗುವ ಎಲ್ಲರಿಗೂ ಇವನ ಪರಿಚಯ ಇದ್ದೇ ಇರುತ್ತೆ.

ನಾಲ್ಕನೇದು ಡೆಂಕೆನ್. ಪರೀಕ್ಷೆಯ ಎಪಿಸೋಡ್‌ಗಳಲ್ಲಿ ಬರೋ ವಯಸ್ಸಾದ ಮಾಂತ್ರಿಕ. ಅಧಿಕಾರ, ಹೆಸರು ಎಲ್ಲ ಕಂಡವನು. ಆದರೆ ಆ ವಯಸ್ಸಲ್ಲಿ ಪರೀಕ್ಷೆಗೆ ಕೂತಿರೋದು ಊರಲ್ಲಿರುವ ಹೆಂಡತಿಯ ಸಮಾಧಿಗೆ ಹೋಗಬೇಕು ಅಂತ. ಇಷ್ಟೇ ಸಾಕು, ಲಿಸ್ಟಿಗೆ ಸೇರಿಸಿದೆ.

ಮೂರನೇದು ಹೈಟರ್. ಕುಡುಕ ಪಾದ್ರಿ. ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳಕೊಂಡ ಫರ್ನ್ ಅನ್ನೋ ಹುಡುಗಿ ಪ್ರಪಾತದ ಅಂಚಲ್ಲಿ ನಿಂತಿದ್ದಾಗ ಮಾತಾಡಿಸಿ ಉಳಿಸಿದವನು. ತಾನು ಹೆಚ್ಚು ದಿನ ಇರಲ್ಲ ಅಂತ ಗೊತ್ತಾದಾಗ ಫ್ರೀರೆನ್‌ಗೆ ಒಂದು ಹಳೇ ಪುಸ್ತಕ ಕೊಟ್ಟು ಇದನ್ನು ಓದಿ ಬಿಡಿಸು, ಜೊತೆಗೆ ಈ ಮಗುವಿಗೆ ಮಂತ್ರ ಹೇಳಿಕೊಡು ಅಂತಾನೆ. ಪುಸ್ತಕ ಒಂದು ನೆಪ. ಫರ್ನ್ ಒಂಟಿಯಾಗಬಾರದು ಅನ್ನೋದು ಅವನ ಲೆಕ್ಕ. ಮಗಳ ಮುಂದಿನ ದಾರಿಗೆ ಮೊದಲೇ ಯಾರನ್ನೋ ಗೊತ್ತು ಮಾಡಿಟ್ಟು ಏನೂ ಗೊತ್ತಿಲ್ಲದವರ ಹಾಗೆ ಇರುವ ಹಿರಿಯರು ನಮ್ಮ ಕಡೆಯೂ ಇದ್ದಾರೆ.

ಇನ್ನು ಜಗಳದ ಜಾಗ. ನನ್ನ ಪ್ರಕಾರ ಒಂದು ಹಿಮ್ಮೆಲ್, ಎರಡು ಫರ್ನ್. ನಮ್ಮಕ್ಕನ ಪ್ರಕಾರ ತಿರುವುಮುರುವು.

ನನ್ನ ವಾದ ಹೀಗೆ. ಹಿಮ್ಮೆಲ್‌ಗೆ ವೀರರ ಖಡ್ಗವನ್ನು ಕಲ್ಲಿನಿಂದ ಕೀಳೋಕೆ ಆಗಲೇ ಇಲ್ಲ. ನಕಲಿ ಕತ್ತಿ ಹಿಡ್ಕೊಂಡೇ ಹೋಗಿ ಕೆಲಸ ಮುಗಿಸಿ ಬಂದ. ಊರೂರಲ್ಲಿ ತನ್ನ ಪ್ರತಿಮೆ ನಿಲ್ಲಿಸಿಕೊಂಡ, ಪೋಸ್ ಆರಿಸೋಕೇ ಗಂಟೆಗಟ್ಟಲೆ ತಗೊಂಡ. ಜಂಬ ಅಂದುಕೊಂಡು ನಗ್ತೀವಿ. ಆಮೇಲೆ ಗೊತ್ತಾಗುತ್ತೆ, ನಾವೆಲ್ಲ ಹೋದಮೇಲೆ ಫ್ರೀರೆನ್ ಒಬ್ಬಳೇ ಆಗಬಾರದು ಅನ್ನೋದೂ ಅದರಲ್ಲಿತ್ತು ಅಂತ. ಉಂಗುರದ ದೃಶ್ಯವಂತೂ ಬಿಡಿ. ಅವಳು ವಿನ್ಯಾಸದ ಅರ್ಥ ಗೊತ್ತಿಲ್ಲದೆ ಒಂದು ಉಂಗುರ ಆರಿಸ್ತಾಳೆ. ಇವನು ಮಂಡಿಯೂರಿ ತೊಡಿಸ್ತಾನೆ, ಬಾಯಿ ಬಿಟ್ಟು ಏನೂ ಹೇಳಲ್ಲ. ಸತ್ತು ಎಷ್ಟೋ ವರ್ಷ ಆದಮೇಲೂ ಫ್ರೀರೆನ್ ಯಾರಿಗಾದರೂ ಸಹಾಯ ಮಾಡಿದರೆ ಅದಕ್ಕೆ ಕಾರಣ ಹಿಮ್ಮೆಲ್ ಆಗಿದ್ದರೆ ಹೀಗೇ ಮಾಡ್ತಿದ್ದ ಅನ್ನೋದು.

ಅಕ್ಕನಿಗೆ ಇದ್ಯಾವುದೂ ತಾಗಲಿಲ್ಲ.

"ಫ್ರೀರೆನ್‌ನ ಬೆಳಿಗ್ಗೆ ಎಬ್ಬಿಸೋರು ಯಾರು ಹೇಳು? ಪೆಟ್ಟಿಗೆ ರಾಕ್ಷಸನ ಬಾಯಲ್ಲಿ ಸಿಕ್ಕಾಕ್ಕೊಂಡಾಗ ಕಾಲು ಹಿಡಿದು ಎಳೆಯೋರು ಯಾರು? ದುಡ್ಡಿನ ಲೆಕ್ಕ ಇಡೋರು? ಸತ್ತೋನಿಗೇನು ಕಣೇ, ಪ್ರತಿಮೆ ಆಗಿ ನಿಂತ್ಕೊಂಡ್ರೆ ಆಯ್ತು. ಸಾಮಾನು ಯಾರು ಹೊರ್ತಾರೆ?"

ಇದು ಅನಿಮೆ ವಿಮರ್ಶೆ ಅಲ್ಲ ಅಂತ ನನಗೆ ತಕ್ಷಣ ಗೊತ್ತಾಯ್ತು. ಮೂರು ವರ್ಷದಿಂದ ಅಮ್ಮನ ಮಾತ್ರೆ, ಆಸ್ಪತ್ರೆಯ ತಾರೀಖು, ಗ್ಯಾಸ್ ಬುಕಿಂಗ್ ಎಲ್ಲ ನೋಡ್ಕೊಳ್ತಿರೋದು ಊರಲ್ಲಿರೋ ಅಕ್ಕ. ನಾನು ಹಬ್ಬಕ್ಕೆ ಹೋದಾಗ ಅಮ್ಮ ಓಣಿಯವರಿಗೆಲ್ಲ ಹೇಳೋದು ಬೆಂಗಳೂರಿಂದ ಬಂದ ಮಗಳ ಸುದ್ದಿ.

"ಫರ್ನ್ ಮುಖ ಊದಿಸ್ಕೊಳ್ತಾಳಲ್ಲ, ಅದಕ್ಕೇ ಒಂದು ಸ್ಥಾನ ಕಮ್ಮಿ ಮಾಡಿದೆ" ಅಂದೆ, ತಮಾಷೆಗೆ.

"ಊದಿಸ್ಕೊಂಡ್ರೂ ಕೆಲಸ ನಿಲ್ಸಲ್ಲ ನೋಡು" ಅಂದಳು. ಅವಳು ನಗಲಿಲ್ಲ.

ಹಿಮ್ಮೆಲ್ ಮೊದಲ ಸ್ಥಾನದಿಂದ ಇಳಿಯಲ್ಲ, ಅದು ನನ್ನ ತೀರ್ಮಾನ. ಆದರೆ ಮುಂದಿನ ತಿಂಗಳ ಆಸ್ಪತ್ರೆಯ ತಾರೀಖಿಗೆ ರಜೆ ಹಾಕಿದೀನಿ. ಅಕ್ಕ ಆ ದಿನ ಹತ್ತು ಗಂಟೆವರೆಗೂ ಮಲಗ್ತಾಳಂತೆ, ಯಾರೂ ಎಬ್ಬಿಸಬಾರದಂತೆ.

ಮುಖ್ಯ ಪಾತ್ರ ಫ್ರೀರೆನ್ನೇ ಲಿಸ್ಟಲ್ಲಿ ಇಲ್ವಲ್ಲ ಅಂತ ಕೇಳೋರಿಗೆ: ಅವಳಿಗೇನು ಅವಸರ? ಇನ್ನೊಂದು ಐವತ್ತು ವರ್ಷ ಬಿಟ್ಟು ಸೇರಿಸೋಣ.