ಲಿಂಗಸುಗೂರಲ್ಲಿ ಬರೀ ಚಾ ಕುಡಿದು ಹೋದ್ರಾ?

ನಮ್ಮ ಕ್ಯಾಂಪಸ್ಸಿನಲ್ಲಿ ಬೈಕ್ ಇಲ್ಲದವರಿಗೂ ಬೈಕ್ ಫೋಟೋ ನೋಡುವ ಚಟ ಇದೆ. ಎಕ್ಸಾಂ ಮುಗಿಯೋದೇ ತಡ, ಎಲ್ಲರ ಸ್ಟೇಟಸ್ ತುಂಬ ಹಿಮಾಲಯನ್, ಎಕ್ಸ್‌ಪಲ್ಸ್, ಕೆಟಿಎಂ. ಹಿಂದೆ ಗುಡ್ಡ, ಮುಂದೆ ಗಾಡಿ, ನಡುವೆ ಕೈ ಚಾಚಿ ನಿಂತ ರೈಡರ್. ನಮಗೂ ಇಷ್ಟಾನೇ, ಇಲ್ಲ ಅನ್ನಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬಂದಿರುವ ನಾವು ಕೆಲವರು ಹಾಸ್ಟೆಲಿನಲ್ಲಿ ಒಂದು ಆಟ ಆಡ್ತೀವಿ. ಈ ಫೋಟೋಗಳಲ್ಲಿ ನಮ್ಮೂರು ಹುಡುಕೋ ಆಟ. ಹಂಪಿ ಮುಗಿಸಿ ಕಲಬುರಗಿ, ಬೀದರ್ ಕಡೆ ಹೊರಟವರು ಎಷ್ಟೋ ಜನ ನಮ್ಮೂರ ಮೇಲೇ ಹಾಯ್ತಾರೆ. ಆದರೂ ಸಿಗೋದು ಏನು? ಒಂದು ಚಾ ಗ್ಲಾಸು, ಒಂದು ಪೆಟ್ರೋಲ್ ಬಂಕು, ನೆಟ್ಟಗೆ ಬಿದ್ದ ರಸ್ತೆ. ಕೆಳಗೆ 'ಮಿಡ್ಲ್ ಆಫ್ ನೋವೇರ್' ಅಂತ ಬರಹ.

ಈ 'ನೋವೇರ್'ಗೆ ಒಂದು ನಂಬರ್ ಇದೆ. ರಾಷ್ಟ್ರೀಯ ಹೆದ್ದಾರಿ 150ಎ. ಚಾಮರಾಜನಗರದಿಂದ ಮೈಸೂರು, ಹಿರಿಯೂರು, ಬಳ್ಳಾರಿ, ಸಿರುಗುಪ್ಪ ದಾಟಿ ಸಿಂಧನೂರು, ಮಸ್ಕಿ, ಲಿಂಗಸುಗೂರು, ಸುರಪುರ, ಕೊನೆಗೆ ಜೇವರ್ಗಿ. ಇದರಲ್ಲಿ ನಮ್ಮ ಪಾಲಿನದು ಸುಮಾರು ಐವತ್ತೈದು ಕಿಲೋಮೀಟರ್, ಒಂದು ತಾಸಿನ ದಾರಿ. ಆ ಒಂದು ತಾಸಿನಲ್ಲಿ ನೆಲ ಮೂರು ಸಲ ಬಟ್ಟೆ ಬದಲಿಸುತ್ತೆ. ಸಿಂಧನೂರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಕಣ್ಣು ಹಾಯುವಷ್ಟು ಭತ್ತ. ಸುತ್ತ 'ಕ್ಯಾಂಪು' ಅಂತ ಕೊನೆಯಾಗುವ ಊರುಗಳು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರವು ಕೆಲವು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರವು ಕೆಲವು. ರಾಯಚೂರು ಜಿಲ್ಲೆಯಲ್ಲಿ ದುರ್ಗಾಪೂಜೆ, ಮೀನಿನ ಸಾರು, ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ! ಇದನ್ನು ಯಾರೂ ಫೋಟೋ ಹಾಕಿದ್ದು ನಾವು ನೋಡಿಲ್ಲ. ಮಸ್ಕಿ ಹತ್ತಿರ ಬರ್ತಾ ಬಂಡೆಗುಡ್ಡ ಶುರು. ಲಿಂಗಸುಗೂರು ಕಡೆ ಒಣಬೇಸಾಯ, ತೊಗರಿ, ಹತ್ತಿ, ಸಜ್ಜೆ.

ಮಸ್ಕಿಯ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀವಿ, ತಡ್ಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕ ಹೆಸರು 'ದೇವಾನಾಂಪ್ರಿಯ'. ಅವನೇ ಅಶೋಕ ಅಂತ ಶ್ರೀಲಂಕಾದ ಗ್ರಂಥಗಳನ್ನು ಹೊಂದಿಸಿ ತಿಳ್ಕೊಂಡಿದ್ದರು. ಕಲ್ಲಿನ ಮೇಲೆ ನೇರವಾಗಿ 'ದೇವಾನಾಂಪ್ರಿಯ ಅಶೋಕ' ಅಂತ ಮೊದಲ ಸಲ ಕಂಡಿದ್ದು 1915ರಲ್ಲಿ, ಮಸ್ಕಿಯ ಗುಡ್ಡದಲ್ಲಿ. ಕಂಡವನು ಪುರಾತತ್ವದವನಲ್ಲ. ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ನಮ್ಮ ಕಾಲೇಜಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ 256 ಅನ್ನೋ ಸಂಖ್ಯೆ ಇದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳು ಅಂತ ವಿದ್ವಾಂಸರು ಅದನ್ನು ಓದ್ತಾರೆ. ಅಂದರೆ ಟ್ರಿಪ್ ಮಾಡ್ತಾ ಮಾಡ್ತಾ ಪೋಸ್ಟ್ ಹಾಕಿದವರಲ್ಲಿ ಅಶೋಕನೇ ಸೀನಿಯರ್. ಅವನ ಪೋಸ್ಟ್ ಎರಡು ಸಾವಿರದ ಇನ್ನೂರು ವರ್ಷದಿಂದ ಡಿಲೀಟ್ ಆಗಿಲ್ಲ. ಅದರ ಪಕ್ಕದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬಿಸ್ಲೇರಿ ಕುಡಿದು ಮುಂದೆ ಹೋಗ್ತಾರೆ.

ಇನ್ನೊಂದು ಹೊಟ್ಟೆಉರಿ. ಸಿನಿಮಾ ಬಂದ ಮೇಲೆ ಕೆಜಿಎಫ್‌ನ ಸೈನೈಡ್ ದಿಬ್ಬದ ಮೇಲೆ ಗಾಡಿ ನಿಲ್ಲಿಸದ ರೈಡರ್ ಕಡಿಮೆ. ಆ ಗಣಿ 2001ರಲ್ಲೇ ಮುಚ್ಚಿತು. ಇಂದಿಗೂ ನೆಲದಡಿಯಿಂದ ಚಿನ್ನ ತೆಗೆಯುತ್ತಿರೋದು ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ. ಮುಚ್ಚಿದ ಗಣಿಗೆ ಸೆಲ್ಫಿ, ನಡೆಯುವ ಗಣಿಗೆ ಸೈಡ್ ಮಿರರ್‌ನಲ್ಲೂ ಜಾಗ ಇಲ್ಲ.

'ಅಡ್ವೆಂಚರ್' ಅನ್ನೋ ಪದದ ಬಗ್ಗೇನೂ ನಮಗೆ ತಕರಾರಿದೆ. ನಮ್ಮ ಕಡೆಯ ಎರೆ ಮಣ್ಣು ಸಿವಿಲ್ ಬ್ರಾಂಚಿನವರಿಗೆ ಗೊತ್ತಿರುತ್ತೆ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಮಳೆ ಬಿದ್ದ ಹೊಲದ ದಾರೀಲಿ ಸ್ಪ್ಲೆಂಡರ್‌ನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಆ ಮಣ್ಣು ಮೆತ್ತಿಕೊಂಡು ಮುಂದಿನ ಗಾಲಿ ತಿರುಗೋದೇ ನಿಲ್ಲುತ್ತೆ. ಎಕ್ಸ್‌ಪಲ್ಸ್‌ನಂಥ ಗಾಡಿಗೆ ಮಡ್‌ಗಾರ್ಡ್ ಕೊಕ್ಕಿನ ಹಾಗೆ ಮೇಲೆ ಇಟ್ಟಿರೋದು ಇದಕ್ಕೇ. ನಮ್ಮಲ್ಲಿ ಪರಿಹಾರ ಸರಳ: ಬಂದಾರಿ ಕಡ್ಡಿ ಮುರಿದು ಕೆರೆಯೋದು, ಇಲ್ಲ ಮಳೆಗಾಲಕ್ಕೆ ಮಡ್‌ಗಾರ್ಡನ್ನೇ ಬಿಚ್ಚಿ ಮನೇಲಿಡೋದು. 97 ಸಿಸಿ ಗಾಡಿ, ಮೇಲೆ 45 ಕೆಜಿಯ ಯೂರಿಯಾ ಚೀಲ ಎರಡು, ನಡುವೆ ಅಪ್ಪ. ಇದಕ್ಕೆ ಯಾರೂ ಅಡ್ವೆಂಚರ್ ಅನ್ನಲ್ಲ, ಹೊಲಕ್ಕೆ ಹೋಗೋದು ಅಂತಾರೆ. ಹೆಲ್ಮೆಟ್ ಇಲ್ಲ, ಅದು ತಪ್ಪೇ, ಆ ಮಾತು ಬೇರೆ.

ಇದೆಲ್ಲ ತಮಾಷೆಯ ಜಗಳ. ಒಂದು ಮಾತ್ರ ತಮಾಷೆ ಅಲ್ಲ. ನಮ್ಮಲ್ಲೊಬ್ಬಳಿಗೆ ಹೋದ ಮುಂಗಾರಿನಲ್ಲಿ ಯಾರೋ ರೈಡರ್ ಹಾಕಿದ ಫೋಟೋದಲ್ಲಿ ಅವಳ ಚಿಕ್ಕಮ್ಮನೇ ಸಿಕ್ಕರು. ನಾಟಿ ಗದ್ದೆ, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿ, ಕೆಸರಿನಲ್ಲಿ ಬಗ್ಗಿದ ನಾಲ್ಕು ಜನ. ಮುಂದೆ ಮಿಂಚುವ ಟ್ಯಾಂಕ್. ಕೆಳಗೆ 'ರಾ ಇಂಡಿಯಾ' ಅಂತ ಬರೆದು ಮೂರು ಹಾರ್ಟ್. ನಾವು ಫೋನು ಸುತ್ತ ಕೂತು ಮೊದಲು ನಕ್ಕೆವು, ಆಮೇಲೆ ಸುಮ್ಮನಾದೆವು. ಅವಳು ಊರಿಗೆ ಹೋದಾಗ ಚಿಕ್ಕಮ್ಮನಿಗೆ ತೋರಿಸಿದಳಂತೆ. ಅವರು ಬಹಳ ಹೊತ್ತು ನೋಡಿ, "ಗಾಡಿ ಚಲೋ ಐತಿ. ಕೇಳಿದ್ರ ನೆಟ್ಟಗ ನಿಂತು ತೆಗೆಸ್ಕೊಂತಿದ್ನೆಲ್ಲ," ಅಂದರಂತೆ.

ಅಷ್ಟೇ ನಮ್ಮ ಬೇಡಿಕೆ. ಕೇಳಿ. ಎರಡು ನಿಮಿಷ ಗಾಡಿ ಆಫ್ ಮಾಡಿ ಇಳಿದು ಕೇಳಿ. ಬೇಡ ಅಂದರೆ ಬೇಡ. ಹೂಂ ಅಂದರೆ ಊರಿನ ಹೆಸರೂ ಕೇಳಿಕೊಂಡು ಫೋಟೋ ಕೆಳಗೆ ಹಾಕಿ. ಲಡಾಖ್ ಫೋಟೋದಲ್ಲಿ ಪಾಸ್‌ನ ಹೆಸರು, ಎತ್ತರ, ಎಲ್ಲ ಬರೀತೀರಿ. ನಮ್ಮ ಕಡೆಯ ಫೋಟೋಗೆ ಮಾತ್ರ ಯಾಕೆ ಹೆಸರಿಲ್ಲ?

ರಾಬರ್ಟ್ ಬ್ರೂಸ್ ಫೂಟ್ ಅಂತ ಒಬ್ಬ ಭೂವಿಜ್ಞಾನಿ 19ನೇ ಶತಮಾನದಲ್ಲಿ ಇದೇ ನೆಲದಲ್ಲಿ ಓಡಾಡಿದ್ದ. ಅವನ ಕಾಲಕ್ಕೆ ಮೋಟಾರ್‌ಸೈಕಲ್ ಎಲ್ಲಿಂದ ಬರಬೇಕು? ಮಸ್ಕಿಯಲ್ಲೂ ಹಳೇ ಮಡಕೆ ಚೂರು, ಕಲ್ಲಿನ ಆಯುಧ ಆರಿಸಿದ. ಆ ಸಂಗ್ರಹ ಚೆನ್ನೈ ಮ್ಯೂಸಿಯಮ್ಮಿಗೆ ಸೇರಿತು. ಅದರ ಕ್ಯಾಟಲಾಗ್‌ನಲ್ಲಿ ಯಾವ ವಸ್ತು ಯಾವ ಊರಿನದು ಅಂತ ಬರೆದಿಟ್ಟಿದ್ದಾನೆ. ಒಂದು ಮಡಕೆ ಚೂರಿಗೆ ಊರಿನ ಹೆಸರು ಸಿಕ್ಕಿದೆ, ಜೀವಂತ ಮನುಷ್ಯರಿಗೆ ಹ್ಯಾಶ್‌ಟ್ಯಾಗ್.

ನ್ಯಾಯವಾಗಿ ಇದನ್ನೂ ಹೇಳಬೇಕು. ರೈಡರ್‌ಗಳ ಮೇಲೆ ನಮಗೆ ಸಿಟ್ಟಿದ್ದರೂ ಅವರ ಮೇಲೇ ಭರವಸೆ. ನಮ್ಮ ಜಿಲ್ಲೆ ಟಿವಿಯಲ್ಲಿ ಬರೋದು ಬರ ಬಿದ್ದಾಗ, ಕೃಷ್ಣಾ ಉಕ್ಕಿದಾಗ, ಇಲ್ಲ ಬಿಸಿಲಿನ ಡಿಗ್ರಿ ಹೇಳುವಾಗ. ಬಸ್ಸು ನಿಲ್ಲದ ಜಾಗದಲ್ಲಿ ನಿಲ್ಲಬಲ್ಲವರು ಬೈಕಿನವರು. ಅವರ ಒಂದು ಒಳ್ಳೇ ಫೋಟೋ ಸಾವಿರ ಜನ ನೋಡ್ತಾರೆ. ನಾವು ಕನ್ನಡ ಸಂಘದವರು ಒಂದು ಲೇಖನ ಬರೆದರೆ ಎಷ್ಟು ಜನ ಓದ್ತಾರೆ ಅಂತ ನಿಮಗೆ ಗೊತ್ತೇ ಇದೆ.

ಡಿಸೆಂಬರ್ ರಜೆಗೆ ಹಂಪಿ ಪ್ಲಾನ್ ಮಾಡಿರೋ ನಮ್ಮ ಕ್ಯಾಂಪಸ್ ರೈಡರ್‌ಗಳು ಒಂದು ದಿನ ಜಾಸ್ತಿ ಹಿಡೀರಿ. ಬೆಳಿಗ್ಗೆ ಸಿಂಧನೂರು, ಬಿಸಿಲು ಏರೋ ಮೊದಲು ಮಸ್ಕಿ ಗುಡ್ಡ, ಮಧ್ಯಾಹ್ನ ಲಿಂಗಸುಗೂರಿನಲ್ಲಿ ಜೋಳದ ರೊಟ್ಟಿ ಊಟ, ಸಂಜೆ ಮುದಗಲ್ ಕೋಟೆ. ಶಾಸನ ಮುಟ್ಟಬೇಡಿ, ಚಾಕ್ ತಿಕ್ಕಬೇಡಿ. ಫೋಟೋಗೆ ಏನು ಬರೆಯೋದು ಅಂತ ಗೊತ್ತಾಗದಿದ್ದರೆ ನಮ್ಮಲ್ಲಿ ಯಾರಿಗಾದರೂ ಮೆಸೇಜ್ ಮಾಡಿ, ಊರಿನ ಹೆಸರಿನ ಸ್ಪೆಲಿಂಗ್ ಸಮೇತ ಕಳಿಸ್ತೀವಿ.